ಇಪ್ಪತ್ತು ಅಕ್ಷರದ ಪ್ರಶ್ನೆ: ಗಿಡದ ವೈರಸ್ಸನ್ನು ಪ್ರೈಮರ್ ಹೇಗೆ ಗುರುತಿಸುತ್ತದೆ?

ಇಸ್ರೇಲಿನ ಟೊಮೆಟೊ ಬೆಳೆಯಲ್ಲಿ 2014ರಲ್ಲಿ ಒಂದು ರೋಗ ಕಾಣಿಸಿಕೊಂಡಿತು. ಎಲೆ ತುಂಬ ಮಚ್ಚೆ, ಹಣ್ಣಿನ ಮೇಲೆ ಹಳದಿ ಕಲೆ. ನೋಡೋಕೆ ಹಳೆಯ ಮೊಸಾಯಿಕ್ ರೋಗದ ಹಾಗೇ ಇತ್ತು. ಆದರೆ ಆ ಗಿಡಗಳಲ್ಲಿ ಮೊಸಾಯಿಕ್ ರೋಗವನ್ನು ತಡೆಯುವ ಜೀನ್ ಇತ್ತು. ದಶಕಗಳ ಕಾಲ ಅದು ಕೈಕೊಟ್ಟಿರಲಿಲ್ಲ. 2015ರಲ್ಲಿ ಜೋರ್ಡನ್‌ನಲ್ಲೂ ರೋಗ ಬಂತು. ಅಲ್ಲಿ ಹಣ್ಣಿನ ಮೇಲೆ ಕಂದು ಬಣ್ಣದ ಸುಕ್ಕು. ವೈರಸ್ಸಿನ ಆರ್‌ಎನ್‌ಎ ಅಕ್ಷರಗಳನ್ನು ಓದಿದ ಮೇಲೆ ವಿಷಯ ಗೊತ್ತಾಯಿತು. ಇದು ತಂಬಾಕು ಮೊಸಾಯಿಕ್ ವೈರಸ್ಸಿನ ಹತ್ತಿರದ ನೆಂಟ, ಆದರೆ ಬೇರೆಯದೇ ವೈರಸ್. ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಎಂದು ಹೆಸರಿಟ್ಟರು.

ಈ ವೈರಸ್ ಬೀಜದ ಜೊತೆ ಪ್ರಯಾಣ ಮಾಡುತ್ತದೆ. ಕೈ, ಕತ್ತರಿ, ಬಟ್ಟೆಗೂ ಅಂಟಿಕೊಂಡು ಹೋಗುತ್ತದೆ. ಹಾಗಾಗಿ ಈಗ ಬೀಜ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಪರೀಕ್ಷೆ, ಸಸಿ ಮಾರುವ ಮುಂಚೆ ಪರೀಕ್ಷೆ. ಬೆಳೆಯುವವರ ಕೈಗೆ ಒಂದು ವರದಿ ಬರುತ್ತದೆ: ಇಂಥ ಪ್ರೈಮರ್ ಬಳಸಲಾಗಿದೆ, ಆರ್‌ಟಿ-ಪಿಸಿಆರ್ ನೆಗೆಟಿವ್. ಕೋವಿಡ್ ಕಾಲದಿಂದ ಆರ್‌ಟಿ-ಪಿಸಿಆರ್ ಎಂಬ ಮಾತು ಎಲ್ಲರಿಗೂ ಗೊತ್ತು. ಅದರೊಳಗೆ ನಿಜವಾದ ಕೆಲಸ ಮಾಡುವ ಪ್ರೈಮರ್ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಹೇಳಲಿಲ್ಲ.

ಎಲೆ ನೋಡಿ ಹೇಳೋಕೆ ಆಗಲ್ವಾ?

ಕೆಲವೊಮ್ಮೆ ಆಗುತ್ತದೆ. ಬಹಳ ಸಲ ಆಗುವುದಿಲ್ಲ.

ಎಲೆ ಹಳದಿಯಾಗೋಕೆ ಕಾರಣ ಹತ್ತಾರು. ಕಬ್ಬಿಣದ ಅಂಶ ಕಡಿಮೆಯಾದರೂ ಹಳದಿ, ಕಳೆನಾಶಕದ ಗಾಳಿ ತಾಗಿದರೂ ಮುದುಡು, ನುಸಿ ಹತ್ತಿದರೂ ಸುರುಟು. ವೈರಸ್ಸೇ ಎಂದು ಗೊತ್ತಿದ್ದರೂ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಎರಡು ಬೇರೆ ವೈರಸ್‌ಗಳು ಒಂದೇ ಗಿಡದಲ್ಲಿ ಒಂದೇ ಥರದ ಮಚ್ಚೆ ತರಬಹುದು. ಒಂದೇ ವೈರಸ್ ಎರಡು ತಳಿಗಳಲ್ಲಿ ಎರಡು ಥರ ಕಾಣಿಸಬಹುದು. ಕೆಲವು ಗಿಡಗಳಂತೂ ಒಳಗೆ ವೈರಸ್ ಇಟ್ಟುಕೊಂಡು ಹೊರಗೆ ಏನೂ ಆಗದವರ ಹಾಗೆ ಹಸಿರಾಗಿರುತ್ತವೆ.

ಹೆಸರುಗಳು ಇನ್ನಷ್ಟು ದಾರಿ ತಪ್ಪಿಸುತ್ತವೆ. ಮೊದಲು ಯಾವ ಗಿಡದಲ್ಲಿ ಕಂಡಿತೋ ಆ ಗಿಡದ ಹೆಸರನ್ನೇ ವೈರಸ್ಸಿಗೆ ಇಡುವುದು ಹಳೆಯ ರೂಢಿ. ಸೌತೆ ಮೊಸಾಯಿಕ್ ವೈರಸ್ ಸೌತೆಗಷ್ಟೇ ಸೀಮಿತ ಎಂದುಕೊಂಡರೆ ತಪ್ಪು. ಅದು ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಹತ್ತುತ್ತದೆ.

ಎಲೆ ನೋಡುವುದಕ್ಕಿಂತ ಮುಂದಿನ ಹೆಜ್ಜೆ ಎಲೈಸಾ ಪರೀಕ್ಷೆ. ಗಿಡದ ವೈರಸ್‌ಗಳಿಗೆ ಇದು 1977ರ ಹೊತ್ತಿಗೆ ಬಂತು. ವೈರಸ್ಸಿನ ಹೊರ ಕವಚ ಪ್ರೋಟೀನಿನದು. ಆ ಕವಚವನ್ನು ಗುರುತು ಹಿಡಿದು ಅಂಟಿಕೊಳ್ಳುವ ಆಂಟಿಬಾಡಿಗಳನ್ನು ಇಲ್ಲಿ ಬಳಸುತ್ತಾರೆ. ಅಂಟಿಕೊಂಡರೆ ಬಣ್ಣ ಬರುತ್ತದೆ. ಅಗ್ಗದ, ಗಟ್ಟಿಮುಟ್ಟಾದ ಪರೀಕ್ಷೆ. ಸಾವಿರಾರು ಎಲೆ ನೋಡಬೇಕಾದಾಗ ಇಂದಿಗೂ ಇದೇ ಆಸರೆ. ಆದರೆ ಆಂಟಿಬಾಡಿ ನೋಡುವುದು ಅಂಗಿಯನ್ನು. ಒಂದೇ ಥರದ ಅಂಗಿ ತೊಟ್ಟ ಅಣ್ಣತಮ್ಮಂದಿರನ್ನು ಅದು ಬೇರೆ ಮಾಡಲಾರದು. ತಂಬಾಕು ಮೊಸಾಯಿಕ್ ಬಳಗದಲ್ಲಿ ಇದೇ ತೊಂದರೆ: ಒಂದರ ಆಂಟಿಬಾಡಿ ಇನ್ನೊಂದಕ್ಕೂ ಅಂಟುತ್ತದೆ. ಅಂಗಿಯೇ ಇಲ್ಲದವೂ ಇವೆ. ವೈರಾಯ್ಡ್ ಎನ್ನುವುದು ಬರೀ ಆರ್‌ಎನ್‌ಎ ಉಂಗುರ, ಕವಚವೇ ಇಲ್ಲ. ಆಲೂಗಡ್ಡೆಯ ಸ್ಪಿಂಡಲ್ ಟ್ಯೂಬರ್ ವೈರಾಯ್ಡ್ ಉದ್ದ ಸುಮಾರು 359 ಅಕ್ಷರ, ಅಷ್ಟೇ. ಎಲೈಸಾಗೆ ಅಲ್ಲಿ ಹಿಡಿಯೋಕೆ ಏನೂ ಸಿಗುವುದಿಲ್ಲ.

ಕವಚ ಬಿಚ್ಚಿ ಒಳಗಿನ ಬರಹವನ್ನೇ ನೋಡಬೇಕು.

ಒಳಗಿನ ಬರಹ

ಗಿಡದ ವೈರಸ್‌ಗಳಲ್ಲಿ ಹೆಚ್ಚಿನವು ತಮ್ಮ ಬರಹವನ್ನು ಆರ್‌ಎನ್‌ಎಯಲ್ಲಿ ಇಟ್ಟುಕೊಂಡಿರುತ್ತವೆ, ಕೆಲವು ಡಿಎನ್‌ಎಯಲ್ಲಿ. ಎರಡರಲ್ಲೂ ಅಕ್ಷರ ನಾಲ್ಕೇ. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ. ಆರ್‌ಎನ್‌ಎಯಲ್ಲಿ ಟಿ ಬದಲು ಯು.

ಈ ಬರಹ ತುಂಬ ಚಿಕ್ಕದು. ತಂಬಾಕು ಮೊಸಾಯಿಕ್ ವೈರಸ್ಸಿನದು ಸುಮಾರು 6,400 ಅಕ್ಷರ. ಆಲೂಗಡ್ಡೆಯ ವೈ ವೈರಸ್ ಸೇರಿರುವ ಪೊಟಿವೈರಸ್ ಬಳಗದ್ದು ಹತ್ತು ಸಾವಿರದ ಆಸುಪಾಸು. ಬಿಳಿ ನೊಣ ಹರಡುವ ಬೆಗೊಮೊವೈರಸ್‌ಗಳದ್ದು ಡಿಎನ್‌ಎ ಉಂಗುರ, ಒಂದೊಂದು ಉಂಗುರಕ್ಕೆ ಸುಮಾರು 2,700 ಅಕ್ಷರ. ಟೊಮೆಟೊ ಗಿಡದ ಸ್ವಂತ ಬರಹ ಸುಮಾರು 90 ಕೋಟಿ ಅಕ್ಷರ. ಎಲೆ ಅರೆದಾಗ ಇವೆಲ್ಲ ಒಂದೇ ಕೊಳವೆಯಲ್ಲಿ ಬೆರೆತುಹೋಗುತ್ತವೆ. ದೊಡ್ಡ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಹರಿದು ರಾಶಿ ಹಾಕಿ, ಅದರಲ್ಲಿ ಒಂದು ಕರಪತ್ರ ಹುಡುಕು ಅಂದ ಹಾಗೆ. ಎಲ್ಲವನ್ನೂ ಓದುತ್ತ ಕೂರಬೇಕಿಲ್ಲ. ಆ ಕರಪತ್ರದಲ್ಲಿ ಮಾತ್ರ ಇರುವ ಒಂದು ಸಾಲು ಗೊತ್ತಿದ್ದರೆ ಸಾಕು.

ಪ್ರೈಮರ್ ಅಂದರೆ ಆ ಸಾಲು

ಡಿಎನ್‌ಎಯಲ್ಲಿ ಅಕ್ಷರಗಳು ಜೋಡಿ ಕಟ್ಟುತ್ತವೆ. ಎ ಎದುರು ಟಿ, ಜಿ ಎದುರು ಸಿ. ಜಿಪ್ಪಿನ ಎರಡು ಬದಿಯ ಹಲ್ಲುಗಳ ಹಾಗೆ. ಒಂದು ಬದಿ ಗೊತ್ತಿದ್ದರೆ ಇನ್ನೊಂದು ಬದಿ ತಾನಾಗಿ ಗೊತ್ತಾಗುತ್ತದೆ.

ಪ್ರೈಮರ್ ಎನ್ನುವುದು ಯಂತ್ರದಲ್ಲಿ ತಯಾರಿಸಿದ ಡಿಎನ್‌ಎ ಚೂರು. ಸಾಮಾನ್ಯವಾಗಿ 18ರಿಂದ 25 ಅಕ್ಷರ. ತನಗೆ ಸರಿಹೊಂದುವ ಸಾಲು ಕೊಳವೆಯಲ್ಲಿ ಇದ್ದರೆ ಅದಕ್ಕೆ ಹೋಗಿ ಜಿಪ್ಪಿನ ಹಾಗೆ ಕೂರುತ್ತದೆ. ಇಲ್ಲದಿದ್ದರೆ ಸುಮ್ನೆ ತೇಲಾಡುತ್ತಿರುತ್ತದೆ.

ಇಪ್ಪತ್ತೇ ಅಕ್ಷರ ಸಾಕಾ ಎಂಬ ಅನುಮಾನ ಬರುವುದು ಸಹಜ. ಲೆಕ್ಕ ಹಾಕಿ ನೋಡಿ. ಒಂದೊಂದು ಜಾಗಕ್ಕೂ ನಾಲ್ಕು ಆಯ್ಕೆ. ಇಪ್ಪತ್ತು ಜಾಗಕ್ಕೆ ನಾಲ್ಕನ್ನು ಇಪ್ಪತ್ತು ಸಲ ಗುಣಿಸಬೇಕು. ಉತ್ತರ ಸುಮಾರು 1.1 ಲಕ್ಷ ಕೋಟಿ. 90 ಕೋಟಿ ಅಕ್ಷರದ ಟೊಮೆಟೊ ಬರಹದಲ್ಲಿ ಅಂಥ ಒಂದು ಸಾಲು ಆಕಸ್ಮಿಕವಾಗಿ ಸಿಗುವ ಸಾಧ್ಯತೆ ತೀರಾ ಕಡಿಮೆ. ಅದೂ ಅಲ್ಲದೆ ಪ್ರೈಮರ್ ಒಂಟಿಯಾಗಿ ಬರುವುದಿಲ್ಲ. ಯಾವಾಗಲೂ ಜೋಡಿ. ಒಂದು ಸಾಲಿನ ಶುರುವಿಗೆ, ಇನ್ನೊಂದು ಕೊನೆಗೆ. ಎರಡೂ ಸರಿಯಾದ ಜಾಗದಲ್ಲಿ, ಸರಿಯಾದ ದೂರದಲ್ಲಿ, ಎದುರುಬದುರಾಗಿ ಕೂತರೆ ಮಾತ್ರ ಫಲಿತಾಂಶ.

ಪ್ರೈಮರ್ ಯಾಕೆ ಬೇಕೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಡಿಎನ್‌ಎಯನ್ನು ನಕಲು ಮಾಡುವ ಕಿಣ್ವದ ಹೆಸರು ಪಾಲಿಮರೇಸ್. ಅದಕ್ಕೆ ಒಂದು ವಿಚಿತ್ರ ಅಭ್ಯಾಸ: ಖಾಲಿ ಜಾಗದಿಂದ ಬರೆಯೋಕೆ ಬರುವುದಿಲ್ಲ. ಯಾರಾದರೂ ಮೊದಲ ನಾಲ್ಕು ಪದ ಬರೆದುಕೊಟ್ಟರೆ ಮುಂದಿನದನ್ನು ಸರಾಗವಾಗಿ ಬರೆಯುತ್ತದೆ. ಪ್ರೈಮರ್ ಬರೆದುಕೊಡುವುದು ಆ ಮೊದಲ ಪದಗಳನ್ನು. ಅದು ಕೂತ ಜಾಗದಿಂದಲೇ ನಕಲು ಶುರು. ಅಂದರೆ ಪ್ರೈಮರ್ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ, ಹುಡುಕುವುದು ಮತ್ತು ಶುರು ಮಾಡುವುದು.

ಪಾಲಿಮರೇಸ್ ಬರೆಯುವುದು ಪ್ರೈಮರ್‌ನ ಒಂದು ತುದಿಯಿಂದ ಮಾತ್ರ. ಅದನ್ನು ಮುಂತುದಿ ಎನ್ನೋಣ. ಮುಂತುದಿಯ ಕೊನೆಯ ಎರಡು ಮೂರು ಅಕ್ಷರ ಸರಿಯಾಗಿ ಹೊಂದಲೇಬೇಕು. ಹಿಂತುದಿಯಲ್ಲಿ ಒಂದೆರಡು ತಪ್ಪಿದ್ದರೂ ಕೆಲಸ ನಡೆದೀತು. ಮುಂತುದಿಯಲ್ಲಿ ಒಂದು ತಪ್ಪಿದರೂ ಕಿಣ್ವ ಪೆನ್ನು ಕೆಳಗಿಡುವ ಸಾಧ್ಯತೆ ಹೆಚ್ಚು. ಪ್ರೈಮರ್ ಮಾಡುವವರು ಈ ಗುಣವನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಎರಡು ಹತ್ತಿರದ ವೈರಸ್‌ಗಳನ್ನು ಬೇರೆ ಮಾಡಬೇಕೆಂದರೆ, ಅವು ಬೇರೆಯಾಗುವ ಅಕ್ಷರವನ್ನು ತಂದು ಮುಂತುದಿಯಲ್ಲೇ ಕೂರಿಸುತ್ತಾರೆ.

ಮೂರು ಬಿಸಿ, ಮೂವತ್ತು ಸುತ್ತು

ಈ ನಕಲನ್ನು ಮತ್ತೆ ಮತ್ತೆ ಮಾಡಿಸುವ ವಿಧಾನವೇ ಪಿಸಿಆರ್. ಅದರ ಕಲ್ಪನೆ ಕ್ಯಾರಿ ಮುಲ್ಲಿಸ್ ಅವರಿಗೆ 1983ರಲ್ಲಿ ಹೊಳೆಯಿತು. 1993ರಲ್ಲಿ ನೊಬೆಲ್ ಬಂತು. ಕೆಲಸ ಸರಳ. ಕೊಳವೆಯನ್ನು ಸುಮಾರು 95 ಡಿಗ್ರಿಗೆ ಬಿಸಿ ಮಾಡಿದರೆ ಡಿಎನ್‌ಎಯ ಜಿಪ್ಪು ಬಿಚ್ಚಿಕೊಳ್ಳುತ್ತದೆ. 50–60 ಡಿಗ್ರಿಗೆ ಇಳಿಸಿದರೆ ಪ್ರೈಮರ್‌ಗಳು ತಮ್ಮ ಜಾಗದಲ್ಲಿ ಕೂರುತ್ತವೆ. 72ಕ್ಕೆ ಏರಿಸಿದರೆ ಪಾಲಿಮರೇಸ್ ಬರೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಮುಂದಿನ ಸುತ್ತಿಗೆ ನಾಲ್ಕು. 30 ಸುತ್ತು ಮುಗಿದಾಗ, ಲೆಕ್ಕದ ಪ್ರಕಾರ, ಒಂದು ಚೂರಿನಿಂದ 107 ಕೋಟಿ ಚೂರು. ನಿಜದಲ್ಲಿ ಸ್ವಲ್ಪ ಕಡಿಮೆ ಬರುತ್ತದೆ, ಆದರೂ ಕಣ್ಣಿಗೆ ಕಾಣಿಸುವಷ್ಟು ಇರುತ್ತದೆ.

ಇಷ್ಟು ಬಿಸಿಗೆ ಸಾಮಾನ್ಯ ಕಿಣ್ವ ಕೆಟ್ಟುಹೋಗುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಕಂಡುಹಿಡಿದ ಒಂದು ಬ್ಯಾಕ್ಟೀರಿಯಾದ ಪಾಲಿಮರೇಸ್ ಇಲ್ಲಿ ಕೈಹಿಡಿಯಿತು. ಬುಗ್ಗೆಯಲ್ಲಿ ಹುಟ್ಟಿ ಬೆಳೆದದ್ದಕ್ಕೆ 95 ಡಿಗ್ರಿ ಏನು ಮಹಾ!

ಇನ್ನು ಆರ್‌ಟಿ ಎಂಬ ಎರಡಕ್ಷರ. ಪಿಸಿಆರ್ ನಕಲು ಮಾಡುವುದು ಡಿಎನ್‌ಎಯನ್ನು. ಗಿಡದ ವೈರಸ್‌ಗಳಲ್ಲಿ ಬಹುಪಾಲು ಆರ್‌ಎನ್‌ಎ. ಹಾಗಾಗಿ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎಗೆ ಇಳಿಸಿಕೊಳ್ಳಬೇಕು. ಆ ಕೆಲಸದ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಚಿಕ್ಕದಾಗಿ ಆರ್‌ಟಿ. ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಇದಕ್ಕೂ ಶುರು ಮಾಡೋಕೆ ಪ್ರೈಮರ್ ಬೇಕು. ಪೊಟಿವೈರಸ್‌ಗಳ ಆರ್‌ಎನ್‌ಎ ಕೊನೆಯಲ್ಲಿ ಎ, ಎ, ಎ ಎಂದು ಉದ್ದದ ಬಾಲ ಇರುತ್ತದೆ. ಬರೀ ಟಿ ಅಕ್ಷರಗಳ ಪ್ರೈಮರ್ ಹಾಕಿದರೆ ಆ ಬಾಲಕ್ಕೆ ಅಂಟುತ್ತದೆ. ತಂಬಾಕು ಮೊಸಾಯಿಕ್ ವೈರಸ್ಸಿಗೆ ಅಂಥ ಬಾಲ ಇಲ್ಲ. ಅಲ್ಲಿ ಈ ಉಪಾಯ ನಡೆಯದು.

ಕೊನೆಗೆ ಬಂದ ಚೂರುಗಳನ್ನು ಒಂದು ಜೆಲ್ಲಿಯ ಹಲಗೆಯಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಚಿಕ್ಕ ಚೂರು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ನಿರೀಕ್ಷಿಸಿದ ಉದ್ದದ ಜಾಗದಲ್ಲಿ ಹೊಳೆಯುವ ಗೆರೆ ಕಂಡರೆ ಪಾಸಿಟಿವ್.

ಯಾವ ಸಾಲನ್ನು ಆರಿಸುವುದು?

ಪ್ರೈಮರ್ ಮಾಡುವವರ ಜಾಣತನ ಇರುವುದು ಇಲ್ಲಿ. ಇದನ್ನು ಅರ್ಥ ಮಾಡಿಕೊಳ್ಳೋಕೆ ಭಾಷೆಗಿಂತ ಒಳ್ಳೆ ಉದಾಹರಣೆ ನನಗೆ ಹೊಳೆಯಲಿಲ್ಲ.

ಕಣ್ಣು ಎಂಬ ಪದ ತಗೊಳ್ಳಿ. ತಮಿಳಿನಲ್ಲಿ ಕಣ್, ಮಲಯಾಳದಲ್ಲಿ ಕಣ್ಣ್, ತೆಲುಗಿನಲ್ಲಿ ಕನ್ನು. ಹೆಚ್ಚೇನೂ ಬದಲಾಗಿಲ್ಲ. ಹುಲಿ ಎಂಬ ಪದ ತಗೊಳ್ಳಿ. ಉಳಿದ ಮೂರರಲ್ಲೂ ಅದು ಪುಲಿ, ಕನ್ನಡದಲ್ಲಿ ಮಾತ್ರ ಹುಲಿ. ಈಗ ನಿಮಗೆ ಯಾವುದೋ ಹರಿದ ಹಾಳೆ ಸಿಕ್ಕಿದೆ ಅಂದುಕೊಳ್ಳಿ. ಇದು ದ್ರಾವಿಡ ಬಳಗದ ಯಾವುದಾದರೂ ಭಾಷೆಯಾ ಎಂದು ತಿಳಿಯಬೇಕಾದರೆ ಕಣ್ಣು ಎಂಬ ಪದ ಹುಡುಕುತ್ತೀರಿ. ಇದು ಕನ್ನಡವೇನಾ ಎಂದು ತಿಳಿಯಬೇಕಾದರೆ ಹುಲಿಯನ್ನು ಹುಡುಕುತ್ತೀರಿ. ಹಾಳೆ ಅದೇ, ಕೇಳುವ ಪ್ರಶ್ನೆ ಬೇರೆ.

ವೈರಸ್ಸಿನ ಬರಹದಲ್ಲೂ ಕಣ್ಣಿನಂಥ ಜಾಗಗಳಿವೆ, ಹುಲಿಯಂಥ ಜಾಗಗಳೂ ಇವೆ. ತನ್ನನ್ನು ತಾನು ನಕಲು ಮಾಡಿಕೊಳ್ಳುವ ಪ್ರೋಟೀನಿನ ನಡುಭಾಗ ಬಳಗದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಅಲ್ಲಿ ಅಕ್ಷರ ತಪ್ಪಿದರೆ ವೈರಸ್ ಬೆಳೆಯಲಾರದು, ತಪ್ಪಿದ್ದು ಉಳಿಯುವುದಿಲ್ಲ. ಕವಚ ಪ್ರೋಟೀನಿನ ಒಂದು ತುದಿ ಹಾಗಲ್ಲ. ಪೊಟಿವೈರಸ್‌ಗಳಲ್ಲಿ ಆ ತುದಿ ವೈರಸ್ಸಿನಿಂದ ವೈರಸ್ಸಿಗೆ ಬಹಳ ಬದಲಾಗುತ್ತದೆ. ಬೆಗೊಮೊವೈರಸ್ ಉಂಗುರದಲ್ಲಿ ಟಿಎಎಟಿಎಟಿಟಿಎಸಿ ಎಂಬ ಒಂಬತ್ತು ಅಕ್ಷರದ ಸಾಲು ಎಲ್ಲ ಕಡೆಯೂ ಸಿಗುತ್ತದೆ. ನಕಲು ಶುರುವಾಗುವ ಜಾಗವೇ ಅದು.

ಬದಲಾಗದ ಜಾಗದಲ್ಲಿ ಕೂರುವ ಪ್ರೈಮರ್ ಇಡೀ ಬಳಗವನ್ನು ಹಿಡಿಯುತ್ತದೆ. ಬದಲಾಗುವ ಜಾಗದಲ್ಲಿ ಕೂರುವ ಪ್ರೈಮರ್ ಒಂದೇ ವೈರಸ್ಸನ್ನು ಹಿಡಿಯುತ್ತದೆ. ಮೊದಲನೆಯದು ಗೊತ್ತಿಲ್ಲದ ರೋಗದ ಬೆನ್ನು ಹತ್ತಲು, ಎರಡನೆಯದು ಗೊತ್ತಿರುವ ವೈರಸ್ ಇದೆಯೋ ಇಲ್ಲವೋ ನೋಡಲು.

ಬಳಗದ ಪ್ರೈಮರ್ ಮಾಡುವಾಗ ಒಂದು ತೊಡಕು ಬರುತ್ತದೆ. ಪ್ರೋಟೀನ್ ಒಂದೇ ಇದ್ದರೂ ಅದನ್ನು ಬರೆದ ಅಕ್ಷರ ಒಂದೇ ಇರಬೇಕಿಲ್ಲ. ಪ್ರೋಟೀನಿನ ಒಂದೊಂದು ಮಣಿಗೂ, ಅಂದರೆ ಅಮೈನೊ ಆಮ್ಲಕ್ಕೂ, ಮೂರಕ್ಷರದ ಗುರುತು. ಹೆಚ್ಚಿನ ಮಣಿಗಳಿಗೆ ಒಂದಕ್ಕಿಂತ ಜಾಸ್ತಿ ಗುರುತುಗಳಿವೆ. ಸಾಮಾನ್ಯವಾಗಿ ಮೂರನೇ ಅಕ್ಷರ ಬದಲಾಗುತ್ತದೆ.

ಪೊಟಿವೈರಸ್‌ಗಳ ಕವಚದ ನಡುವೆ ಒಂದು ಪ್ರಸಿದ್ಧ ಸಾಲಿದೆ. ಟ್ರಿಪ್ಟೊಫ್ಯಾನ್, ಸಿಸ್ಟೀನ್, ಐಸೊಲ್ಯೂಸಿನ್, ಗ್ಲುಟಾಮಿಕ್ ಆಮ್ಲ, ಆಸ್ಪರಜಿನ್. ಐದು ಮಣಿ, ಹದಿನೈದು ಅಕ್ಷರ. ಟ್ರಿಪ್ಟೊಫ್ಯಾನ್ ಬರೆಯೋಕೆ ಒಂದೇ ದಾರಿ. ಸಿಸ್ಟೀನ್‌ಗೆ ಎರಡು, ಐಸೊಲ್ಯೂಸಿನ್‌ಗೆ ಮೂರು, ಉಳಿದ ಎರಡಕ್ಕೆ ಎರಡೆರಡು. ಗುಣಿಸಿದರೆ 24. ಒಂದೇ ಅರ್ಥದ ಸಾಲಿಗೆ 24 ಕಾಗುಣಿತ!

ಇದಕ್ಕೆ ಪರಿಹಾರ ಪದಬಂಧದ ಖಾಲಿ ಮನೆಯ ಥರದ್ದು. ಬದಲಾಗುವ ಜಾಗದಲ್ಲಿ ಒಂದೇ ಅಕ್ಷರ ನಿಗದಿ ಮಾಡದೆ, ಇಲ್ಲಿ ಸಿ ಅಥವಾ ಟಿ, ಅಲ್ಲಿ ಎ ಅಥವಾ ಜಿ ಎಂದು ಬಿಟ್ಟುಬಿಡುತ್ತಾರೆ. ಪ್ರೈಮರ್ ತಯಾರಿಸುವ ಯಂತ್ರ ಆ ಜಾಗಕ್ಕೆ ಎರಡೂ ಅಕ್ಷರ ಬೆರೆಸಿ ಕೊಡುತ್ತದೆ. ಕೊಳವೆಯಲ್ಲಿ 24 ಬಗೆಯ ಪ್ರೈಮರ್‌ಗಳ ಮಿಶ್ರಣ ಸಿದ್ಧ. ಇದನ್ನು ಡಿಜೆನರೇಟ್ ಪ್ರೈಮರ್ ಎನ್ನುತ್ತಾರೆ. ಮಿಶ್ರಣ ಜಾಸ್ತಿಯಾದಷ್ಟೂ ಸರಿಯಾದ ಪ್ರೈಮರ್ ಪಾಲು ಕಡಿಮೆಯಾಗುತ್ತದೆ, ಅಡ್ಡಾದಿಡ್ಡಿ ಅಂಟುವುದು ಹೆಚ್ಚುತ್ತದೆ. ಹಾಗಾಗಿ ಸಣ್ಣಪುಟ್ಟ ಉಳಿತಾಯ ಮಾಡುತ್ತಾರೆ. ಮೇಲಿನ ಸಾಲಿನ ಕೊನೆಯ ಅಕ್ಷರವೇ ಬದಲಾಗುವಂಥದ್ದು; ಅದೊಂದನ್ನು ಬಿಟ್ಟರೆ 24 ಇದ್ದದ್ದು 12 ಆಗುತ್ತದೆ, ಮುಂತುದಿಯೂ ಗಟ್ಟಿಯಾಗುತ್ತದೆ. ಆದರೆ ಉಳಿಯುವುದು 14 ಅಕ್ಷರ, ಅದು ಚಿಕ್ಕದಾಯಿತು. ಹಾಗಾಗಿ ಹಿಂದೆ ಇರುವ ಮಣಿಗಳನ್ನು ಸೇರಿಸಿಕೊಳ್ಳುತ್ತಾರೆ. ಇಲ್ಲಿ ಅದೃಷ್ಟ ಚೆನ್ನಾಗಿದೆ, ಹಿಂದೆ ಇರುವುದು ವ್ಯಾಲಿನ್, ಅದರ ಹಿಂದೆ ಒಂದೇ ಕಾಗುಣಿತದ ಮೆಥಿಯೊನಿನ್. ಪ್ರೈಮರ್ ಮಾಡುವವರಿಗೆ ಟ್ರಿಪ್ಟೊಫ್ಯಾನ್, ಮೆಥಿಯೊನಿನ್ ಅಂದರೆ ಪ್ರೀತಿ. ಆರಾರು ಕಾಗುಣಿತ ಇರುವ ಲ್ಯೂಸಿನ್, ಸೆರಿನ್ ಕಂಡರೆ ಆಗದು.

ಬಿಸಿಯ ಲೆಕ್ಕವೂ ಇರುತ್ತದೆ. ಜಿ–ಸಿ ಜೋಡಿ ಎ–ಟಿ ಜೋಡಿಗಿಂತ ಬಿಗಿ. ಕೈಲೆಕ್ಕದ ಒಂದು ಸೂತ್ರ: ಒಂದೊಂದು ಎ ಅಥವಾ ಟಿಗೆ 2 ಡಿಗ್ರಿ, ಜಿ ಅಥವಾ ಸಿಗೆ 4 ಡಿಗ್ರಿ. ಹತ್ತು ಹತ್ತು ಇದ್ದರೆ 60 ಡಿಗ್ರಿಯಲ್ಲಿ ಪ್ರೈಮರ್ ಬಿಚ್ಚಿಕೊಳ್ಳುತ್ತದೆ. ಜೋಡಿಯ ಎರಡೂ ಪ್ರೈಮರ್‌ಗಳಿಗೆ ಈ ಅಂಕಿ ಹತ್ತಿರ ಹತ್ತಿರ ಇರಬೇಕು. ಅವೆರಡೂ ಒಂದಕ್ಕೊಂದು ಅಂಟಿಕೊಳ್ಳಬಾರದು. ಅಂಟಿಕೊಂಡರೆ ಪಾಲಿಮರೇಸ್ ವೈರಸ್ ಬಿಟ್ಟು ಪ್ರೈಮರ್‌ಗಳನ್ನೇ ನಕಲು ಮಾಡುತ್ತ ಕೂರುತ್ತದೆ.

ಗೆರೆ ಕಂಡಿತು. ಹೆಸರು ಹೇಳೋದು ಹೇಗೆ?

ಒಂದೇ ವೈರಸ್ಸಿನ ಪ್ರೈಮರ್ ಹಾಕಿದ್ದರೆ, ಗೆರೆ ಬಂದಾಗ ಹೆಸರೂ ಬಂದ ಹಾಗೆ. ಬಳಗದ ಪ್ರೈಮರ್ ಹಾಕಿದ್ದರೆ ಗೆರೆ ಹೇಳುವುದು ಇಷ್ಟೇ: ಈ ಬಳಗದವರು ಯಾರೋ ಇದ್ದಾರೆ. ಯಾರು ಎಂದು ತಿಳಿಯೋಕೆ ಆ ಚೂರನ್ನು ಕತ್ತರಿಸಿ ತೆಗೆದು ಅಕ್ಷರ ಅಕ್ಷರ ಓದಬೇಕು. ಓದಿದ್ದನ್ನು ಜಗತ್ತಿನ ಸಂಗ್ರಹದಲ್ಲಿರುವ ಬೇರೆ ವೈರಸ್‌ಗಳ ಬರಹದ ಜೊತೆ ಹೋಲಿಸುತ್ತಾರೆ. ಗೆರೆಯ ಉದ್ದ ನೋಡಿ ವಿಂಗಡಣೆ ಮುಗಿಯಿತು ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಗೆರೆ ಗುರುತು ಕೊಡುತ್ತದೆ. ವಿಂಗಡಣೆಗೆ ಓದು ಬೇಕು.

ಎಷ್ಟು ಹೋಲಿದರೆ ಒಂದೇ, ಎಷ್ಟು ಬೇರೆಯಾದರೆ ಹೊಸದು? ಇದನ್ನು ತೀರ್ಮಾನಿಸುವುದು 1966ರಲ್ಲಿ ಶುರುವಾದ ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ. ಬಳಗಕ್ಕೊಂದು ಗಡಿ. ಬೆಗೊಮೊವೈರಸ್‌ಗಳಲ್ಲಿ ಇಡೀ ಉಂಗುರದ ಅಕ್ಷರ ನೂರಕ್ಕೆ 91 ಅಥವಾ ಹೆಚ್ಚು ಹೋಲಿದರೆ ಒಂದೇ ಜಾತಿ. ತಂಬಾಕು ಮೊಸಾಯಿಕ್ ಬಳಗದಲ್ಲಿ ಗಡಿ 90. ಪೊಟಿವೈರಸ್‌ಗಳಲ್ಲಿ 76. ಬಳಗಗಳು ಬದಲಾಗುವ ವೇಗ ಬೇರೆ ಬೇರೆ, ಹಾಗಾಗಿ ಗಡಿಗಳೂ ಬೇರೆ. ಟೊಮೆಟೊದ ಸುಕ್ಕು ವೈರಸ್ ತನ್ನ ನೆಂಟರ ಜೊತೆ ಹೋಲುವುದು ನೂರಕ್ಕೆ ಸುಮಾರು 80ರಷ್ಟು. 90ರ ಗಡಿ ದಾಟಲಿಲ್ಲ, ಅದಕ್ಕೇ ಹೊಸ ಜಾತಿ. ಈಗ ಜಾತಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ಬಂದಿದೆ. ಇದರದ್ದು ಟೊಬಾಮೊವೈರಸ್ ಫ್ರಕ್ಟಿರುಗೋಸಮ್. ಲ್ಯಾಟಿನ್‌ನಲ್ಲಿ ಹಣ್ಣು ಮತ್ತು ಸುಕ್ಕು ಎರಡೂ ಅದರಲ್ಲಿವೆ.

ಒಂದು ಚೂರು ಮಾತ್ರ ಓದಿ ಜಾತಿ ಹೇಳುವುದರಲ್ಲಿ ಅಪಾಯವಿದೆ. ಒಂದೇ ಗಿಡದಲ್ಲಿ ಎರಡು ಬೆಗೊಮೊವೈರಸ್ ಸೇರಿದರೆ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅರ್ಧ ಒಂದರದ್ದು, ಅರ್ಧ ಇನ್ನೊಂದರದ್ದು. ನಿಮ್ಮ ಪ್ರೈಮರ್ ಯಾವ ಅರ್ಧವನ್ನು ಹಿಡಿಯಿತೋ ಉತ್ತರ ಅದರ ಕಡೆ ವಾಲುತ್ತದೆ. ಹಾಗಾಗಿ ಅಲ್ಲಿ ಉಂಗುರವನ್ನು ಪೂರ್ತಿ ಓದಬೇಕೆಂಬ ನಿಯಮ. ಉಂಗುರವನ್ನು ಪೂರ್ತಿ ತೆಗೆಯೋಕೆ ಒಂದು ಸೊಗಸಾದ ಉಪಾಯವಿದೆ. ಎರಡು ಪ್ರೈಮರ್‌ಗಳನ್ನು ಎದುರುಬದುರು ಕೂರಿಸುವ ಬದಲು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತಾರೆ. ಎರಡೂ ವಿರುದ್ಧ ದಿಕ್ಕಿಗೆ ಹೊರಟು, ಉಂಗುರ ಸುತ್ತಿ ಮತ್ತೆ ಸಂಧಿಸುತ್ತವೆ.

ವರದಿಯನ್ನು ಎಷ್ಟು ನಂಬಬೇಕು?

ನೆಗೆಟಿವ್ ಎಂದರೆ ಗಿಡದಲ್ಲಿ ವೈರಸ್ ಇಲ್ಲ ಎಂದು ಓದಿಕೊಳ್ಳುತ್ತೇವೆ. ಅದು ಹೇಳುವುದು ಅಷ್ಟು ದೊಡ್ಡ ಮಾತನ್ನಲ್ಲ. ಈ ಎಲೆಯ ಈ ತುಂಡಿನಲ್ಲಿ, ಈ ಪ್ರೈಮರ್ ಕೇಳಿದ ಸಾಲು ಸಿಗಲಿಲ್ಲ, ಇಷ್ಟೇ. ಬೇರೆ ವೈರಸ್ ಇರಬಹುದು, ಅದನ್ನು ಯಾರೂ ಕೇಳಲಿಲ್ಲ. ಅದೇ ವೈರಸ್ ಇದ್ದು, ಪ್ರೈಮರ್ ಕೂರುವ ಜಾಗದಲ್ಲಿ ಅಕ್ಷರ ಬದಲಾಗಿರಬಹುದು. ಮರಗಳಲ್ಲಿ ವೈರಸ್ ಎಲ್ಲ ಕೊಂಬೆಗೂ ಸಮನಾಗಿ ಹರಡಿರುವುದಿಲ್ಲ, ತಪ್ಪು ಕೊಂಬೆಯ ಎಲೆ ಕಿತ್ತಿರಬಹುದು. ಎಲೆಯ ಲೋಳೆ, ಕಂದು ಬಣ್ಣ ತರುವ ಫೀನಾಲ್‌ಗಳು ಪಾಲಿಮರೇಸನ್ನೇ ಕಟ್ಟಿಹಾಕಿರಬಹುದು.

ಕೊನೆಯ ಅನುಮಾನ ಕಳೆಯೋಕೆ ದಾರಿಯಿದೆ. ಅದೇ ಕೊಳವೆಯಲ್ಲಿ ಗಿಡದ ಸ್ವಂತ ಜೀನ್ ಒಂದಕ್ಕೂ ಪ್ರೈಮರ್ ಹಾಕುತ್ತಾರೆ. ಗಿಡದ ಜೀನ್ ಗೆರೆ ಬಂದು ವೈರಸ್ ಗೆರೆ ಬರದಿದ್ದರೆ ಆ ನೆಗೆಟಿವ್‌ಗೆ ಬೆಲೆ ಇದೆ. ಎರಡೂ ಬರದಿದ್ದರೆ ಪರೀಕ್ಷೆಯೇ ಕೆಟ್ಟಿದೆ. ಜೊತೆಗೆ ವೈರಸ್ ಇದೆಯೆಂದು ಖಚಿತವಿರುವ ಒಂದು ಮಾದರಿ, ಬರೀ ನೀರಿನ ಒಂದು ಕೊಳವೆ. ನೀರಿನಲ್ಲೂ ಗೆರೆ ಬಂದರೆ ಎಲ್ಲೋ ಕಲಬೆರಕೆ ಆಗಿದೆ. ಕೋಟಿಗಟ್ಟಲೆ ನಕಲು ಮಾಡುವ ಪರೀಕ್ಷೆಗೆ ಹಿಂದಿನ ದಿನದ ಒಂದು ಹನಿ ಗಾಳಿಯಲ್ಲಿ ಹಾರಿ ಬಂದರೂ ಸಾಕು. ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಈ ಮೂರರ ಬಗ್ಗೆ.

ಪಾಸಿಟಿವ್ ಕೂಡ ಎಚ್ಚರದಿಂದ ಓದಬೇಕಾದ್ದು. ಪ್ರೈಮರ್ ಅಕ್ಷರ ನೋಡುತ್ತದೆ, ಜೀವ ನೋಡುವುದಿಲ್ಲ. ಶುದ್ಧ ಮಾಡಿದ ಬೀಜದ ಮೇಲೆ ಸತ್ತ ವೈರಸ್ಸಿನ ಚೂರು ಉಳಿದಿದ್ದರೂ ಗೆರೆ ಬರಬಹುದು. ಅದು ಇನ್ನೂ ರೋಗ ಹರಡುತ್ತದಾ ಎಂದು ನೋಡೋಕೆ ಬೀಜದ ರಸವನ್ನು ತಂಬಾಕು ಜಾತಿಯ ಗಿಡದ ಎಲೆಗೆ ಉಜ್ಜಿ ಕಾಯುತ್ತಾರೆ. ಕಲೆ ಬಂದರೆ ವೈರಸ್ ಚುರುಕಾಗಿದೆ. ಹಳೆಯ ವಿಧಾನ, ಆದರೆ ಇದರ ಜಾಗ ಪಿಸಿಆರ್‌ಗೆ ಸಿಕ್ಕಿಲ್ಲ.

ಬಾಳೆಯದ್ದು ಇನ್ನೂ ಮಜವಾದ ಕಥೆ. ಬಾಳೆಯ ಸ್ಟ್ರೀಕ್ ವೈರಸ್ಸಿನ ಡಿಎನ್‌ಎ ಕೆಲವು ಬಾಳೆಗಳ ಸ್ವಂತ ಡಿಎನ್‌ಎಯೊಳಗೇ ಯಾವುದೋ ಕಾಲದಲ್ಲಿ ಸೇರಿಕೊಂಡುಬಿಟ್ಟಿದೆ. ಮೂಸಾ ಬಾಲ್ಬಿಸಿಯಾನಾ ಎಂಬ ಕಾಡುಬಾಳೆ ಮೂಲದ ತಳಿಗಳಲ್ಲಿ ಇದು ಸಿಗುತ್ತದೆ. ಗಿಡ ಆರೋಗ್ಯವಾಗಿದ್ದರೂ ಪ್ರೈಮರ್ ಹಾಕಿದರೆ ಪಾಸಿಟಿವ್! ಇಲ್ಲಿ ಎಲೈಸಾ ಮತ್ತು ಪಿಸಿಆರ್ ಕೈಜೋಡಿಸುತ್ತವೆ. ಕೊಳವೆಯ ಒಳಗೋಡೆಗೆ ಮೊದಲು ಆಂಟಿಬಾಡಿ ಹಚ್ಚುತ್ತಾರೆ. ಕವಚ ಇರುವ ನಿಜವಾದ ವೈರಸ್ ಅದಕ್ಕೆ ಅಂಟುತ್ತದೆ. ಗಿಡದ ಡಿಎನ್‌ಎಯನ್ನು ತೊಳೆದುಹಾಕುತ್ತಾರೆ. ಆಮೇಲೆ ಪ್ರೈಮರ್.

ಗೆರೆಯ ಆಚೆ

ಈಗಿನ ಹೆಚ್ಚಿನ ವರದಿಗಳಲ್ಲಿ ಗೆರೆ ಬದಲು ಸಿಟಿ ಎಂಬ ಅಂಕಿ ಇರುತ್ತದೆ. ಇದು ಕ್ಯೂಪಿಸಿಆರ್. ಇಲ್ಲಿ ಪ್ರೈಮರ್ ಜೋಡಿಯ ನಡುವೆ ಮೂರನೇ ಚೂರೊಂದು ಕೂತು, ನಕಲು ಆದಾಗಲೆಲ್ಲ ಬೆಳಕು ಕೊಡುತ್ತದೆ. ಎಷ್ಟನೇ ಸುತ್ತಿನಲ್ಲಿ ಬೆಳಕು ಗುರುತಿಸುವಷ್ಟು ಆಯಿತೋ ಅದೇ ಸಿಟಿ. ಚಿಕ್ಕ ಅಂಕಿ ಎಂದರೆ ವೈರಸ್ ಜಾಸ್ತಿ. ಸುತ್ತಿಗೆ ಎರಡರಷ್ಟಾಗುವುದರಿಂದ, 20ಕ್ಕೂ 30ಕ್ಕೂ ನಡುವಿನ ವ್ಯತ್ಯಾಸ ಸುಮಾರು ಸಾವಿರ ಪಟ್ಟು.

2000ದಲ್ಲಿ ಜಪಾನಿನ ಸಂಶೋಧಕರು ಲ್ಯಾಂಪ್ ಎಂಬ ವಿಧಾನ ಪ್ರಕಟಿಸಿದರು. ನಾಲ್ಕರಿಂದ ಆರು ಪ್ರೈಮರ್, 60–65 ಡಿಗ್ರಿಯ ಒಂದೇ ಬಿಸಿ. ಮೇಲೆ ಕೆಳಗೆ ಬಿಸಿ ಬದಲಿಸುವ ಯಂತ್ರ ಬೇಡ. ತೋಟದ ಬದಿಯಲ್ಲೇ ಪರೀಕ್ಷೆ ಮಾಡುವವರು ಇದನ್ನು ಮೆಚ್ಚುತ್ತಾರೆ.

ಇಷ್ಟೆಲ್ಲಾ ಆದರೂ ಒಂದು ಕೊರತೆ ಉಳಿಯುತ್ತದೆ. ಪ್ರೈಮರ್ ಮಾಡೋಕೆ ಮೊದಲೇ ಸಾಲು ಗೊತ್ತಿರಬೇಕು. ಯಾರೂ ನೋಡಿರದ ವೈರಸ್ಸಿಗೆ ಯಾವ ಸಾಲು ಹುಡುಕುವುದು? ಇದಕ್ಕೆ ಗಿಡವೇ ಒಂದು ದಾರಿ ತೋರಿಸಿತು. ವೈರಸ್ ಒಳಗೆ ಬಂದಾಗ ಗಿಡ ಅದರ ಆರ್‌ಎನ್‌ಎಯನ್ನು 21ರಿಂದ 24 ಅಕ್ಷರದ ಚೂರುಗಳಾಗಿ ಕತ್ತರಿಸುತ್ತದೆ. ಅದು ಗಿಡದ ರಕ್ಷಣೆಯ ರೀತಿ. ಆ ಚೂರುಗಳನ್ನು ಲಕ್ಷಗಟ್ಟಲೆ ಓದಿ, ಅಂಚಿಗೆ ಅಂಚು ಜೋಡಿಸಿದರೆ ವೈರಸ್ಸಿನ ಬರಹ ಮತ್ತೆ ಎದ್ದು ನಿಲ್ಲುತ್ತದೆ. 2009ರಲ್ಲಿ ಸಿಹಿಗೆಣಸಿನ ಗಿಡದಲ್ಲಿ ಹೀಗೆ ಮಾಡಿ ಹೊಸ ವೈರಸ್‌ಗಳನ್ನೂ ಹೊರಗೆ ತೆಗೆದರು. ಯಾವ ವೈರಸ್ ಎಂದು ಮೊದಲೇ ಕೇಳಬೇಕಿರಲಿಲ್ಲ.

ಆದರೆ ಹತ್ತು ಸಾವಿರ ಸಸಿಗಳನ್ನು ಹೀಗೆ ಓದುತ್ತ ಕೂರೋಕೆ ಆಗುವುದಿಲ್ಲ. ಹೊಸ ಬರಹ ಸಿಕ್ಕ ಮೇಲೆ ಪ್ರಯೋಗಾಲಯದವರು ಅದರಲ್ಲಿ ಮಾತ್ರ ಇರುವ ಒಂದು ಸಾಲು ಹುಡುಕುತ್ತಾರೆ, ಮುಂತುದಿ ಎಲ್ಲಿ ಬರಬೇಕೆಂದು ನೋಡುತ್ತಾರೆ, ಬಿಸಿಯ ಲೆಕ್ಕ ಹಾಕುತ್ತಾರೆ. ಮತ್ತೆ ಇಪ್ಪತ್ತು ಅಕ್ಷರದ ಒಂದು ಜೋಡಿ ಬರೆಯುತ್ತಾರೆ.